ಅವ್ವ ನನಗೆ ‘ಬರ್ರಿ’ ಎಂದಳು

“ಬರ್ರಿ, ಒಳಗ ಬರ್ರಿ, ಕುಂದರ್ರಿ. ಯಾವೂರವ್ರು ನೀವು?”

ಇದರಲ್ಲಿ ಎದೆ ಒಡೆದುಕೊಳ್ಳುವಂಥದ್ದು ಏನಿದೆ ಅನ್ನುತ್ತೀರಾ? ಏನೂ ಇಲ್ಲ. ನಮ್ಮ ಸೀಮೆಯಲ್ಲಿ ಮನೆಗೆ ಬಂದವರನ್ನು ಹೀಗೆಯೇ ಮಾತಾಡಿಸುತ್ತಾರೆ. ಆದರೆ ಈ ತಿಂಗಳ ಮೊದಲಿಗೆ ಸವಣೂರಿನಲ್ಲಿ ನನ್ನನ್ನು ಹೀಗೆ ಮಾತಾಡಿಸಿದವಳು ನನ್ನ ಹೆತ್ತ ತಾಯಿ!

ಹುಬ್ಬಳ್ಳಿಯಲ್ಲಿ ರೈಲು ಹತ್ತಿ, ಯಲವಿಗಿ ಸ್ಟೇಷನ್ನಿನಲ್ಲಿ ಇಳಿದು, ಅಲ್ಲಿಂದ ಟಾಂಗಾದಲ್ಲಿ ಸೊಂಟ ಮುರಿಸಿಕೊಂಡು ತವರಿಗೆ ಬಂದವಳು ನಾನು. ಕೈಯಲ್ಲಿ ಅವ್ವನಿಗೆಂದು ತಂದ ಬಿಸ್ಕಿಟ್ ಡಬ್ಬಿ. ಹುಟ್ಟಿದಾಗಿನಿಂದ ಅವ್ವ ನನಗೆ ಒಮ್ಮೆಯೂ ಬಹುವಚನ ಹಚ್ಚಿದವಳಲ್ಲ. ‘ಏ ಖೋಡಿ, ಏಳ’ ಎಂದು ಎಬ್ಬಿಸುತ್ತಿದ್ದಳು. ‘ಖೋಡಿ, ಉಂಡೀಯೇನ?’ ಎಂದು ಬಡಿಸುತ್ತಿದ್ದಳು. ಮದುವೆಯ ದಿನ ಬೀಗರ ಎದುರಿಗೇ ಖೋಡಿ ಅಂದುಬಿಟ್ಟಾಗ ಸೋದರಮಾವ ಕಣ್ಣು ಕೆಂಪಗೆ ಮಾಡಿದ್ದ. (ಬೇರೆ ಸೀಮೆಯ ಓದುಗರಿಗಾಗಿ ಹೇಳುತ್ತೇನೆ: ಖೋಡಿ ಎಂದರೆ ಬೈಗುಳ. ಹೊರಗಿನವರು ಅಂದರೆ ಜಗಳ, ಅವ್ವ ಅಂದರೆ ಮುದ್ದು.)

ಅವ್ವನಿಗೆ ಅರಳು ಮರಳು ಶುರುವಾಗಿದೆ ಎಂದು ತಮ್ಮ ಮೊದಲೇ ಹೇಳಿದ್ದ. ಉಂಡದ್ದು ಮರೆಯುತ್ತಾಳೆ, ಒಂದೇ ಮಾತು ಹತ್ತು ಸಲ ಕೇಳುತ್ತಾಳೆ, ಡಾಕ್ಟರು ಟಾನಿಕ್ ಬರೆದು ಕೈ ತೊಳೆದುಕೊಂಡಿದ್ದಾರೆ ಅಂದಿದ್ದ. ಮರೆಯಲಿ. ಊರನ್ನೇ ಮರೆಯಲಿ. ನನ್ನನ್ನು ಹೇಗೆ ಮರೆಯುತ್ತಾಳೆ? ಆ ಧಿಮಾಕಿನಲ್ಲಿಯೇ ನಾನು ಹೊಸ್ತಿಲು ದಾಟಿದ್ದು.

“ಅವ್ವಾ, ನಾ ಶಾಂತಾ” ಅಂದೆ.

“ಹೌದ್ರಿ? ನಮ್ಮ ಮಗಳ ಹೆಸರೂ ಶಾಂತಾನ. ಒಳಗ ಅದಾಳ. ಏ ಶಾಂತಾ, ಯಾರೋ ಬಂದಾರ ನೋಡ, ನೀರ ತಗೊಂಡ ಬಾ.”

“ಬಂದೆ ಅವ್ವಾ!”

ಒಳಗಿಂದ ತಂಬಿಗೆ ಹಿಡಿದು ಬಂದವಳು ತಮ್ಮನ ಹೆಂಡತಿ ಗಿರಿಜಾ. ನನ್ನ ಹೆಸರು ಕರೆದರೆ ಇವಳು ಓ ಅನ್ನುತ್ತಾಳೆ! ಅದೂ ನನ್ನ ಎದುರಿಗೆ. ಮೇಲೆ ‘ಅವ್ವಾ’ ಬೇರೆ!

ಗಿರಿಜಾ ಮದುವೆಗೆ ಮುಂಚೆ ಶಿಗ್ಗಾಂವಿಯಲ್ಲಿ ಬಾಲವಾಡಿ ಅಕ್ಕೋರು. ಆ ಸಂಬಂಧ ಬಂದಾಗ ಅವ್ವ ತಕರಾರು ತೆಗೆದಿದ್ದಳು. ಕೂಸುಗಳಿಗೆ ಹಾಡು ಹೇಳಿಕೊಡುವವಳು ರೊಟ್ಟಿ ಬಡಿಯುತ್ತಾಳೆಯೇ ಎಂಬುದು ಅವಳ ಚಿಂತೆ. ಆಗ ಗಿರಿಜಾಳ ಪರವಾಗಿ ವಕಾಲತ್ತು ಮಾಡಿ ಅವ್ವನನ್ನು ಒಪ್ಪಿಸಿದವಳು ಯಾರು? ನಾನೇ. ಬೇಕಿತ್ತೇ ನನಗೆ?

ಮಧ್ಯಾಹ್ನ ಚಹಾದ ಹೊತ್ತಿಗೆ ಅವ್ವ ಒಮ್ಮೆಲೆ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು. “ಬಂಡಿ ಹೂಡ್ರಿ, ನಾ ಮಾಸೂರಿಗೆ ಹೋಗಬೇಕು. ಅಪ್ಪ ದಾರಿ ನೋಡತಿರತಾನ.”

ಮಾಸೂರು ಅವಳ ತವರು. ದಾರಿ ನೋಡುವ ಅಪ್ಪ ತೀರಿಕೊಂಡಾಗ ನಾನಿನ್ನೂ ಹುಟ್ಟಿರಲಿಲ್ಲ. ದಿನವೂ ಇದೇ ಹೊತ್ತಿಗೆ ಇದೇ ಹಟವಂತೆ. ಒಮ್ಮೆ ಮೋಟಾರ್ ಸ್ಟ್ಯಾಂಡಿನವರೆಗೆ ನಡೆದೇ ಹೋಗಿದ್ದಳು, ವೀಳ್ಯದೆಲೆ ಮಾರುವವರೊಬ್ಬರು ಗುರುತು ಹಿಡಿದು ಕರೆತಂದರು. ‘ಅಜ್ಜ ಸತ್ತು ಯಾವ ಕಾಲ ಆತವ್ವಾ’ ಎಂದು ತಮ್ಮ ತಿಳಿಸಿ ಹೇಳಲು ಹೋದರೆ, ಸುದ್ದಿ ಈಗಷ್ಟೇ ಬಂತೇನೋ ಎಂಬಂತೆ ಎದೆ ಬಡಿದುಕೊಂಡು ಅಳುತ್ತಿದ್ದಳಂತೆ.

ಗಿರಿಜಾ ಅಜ್ಜನ ಸುದ್ದಿಗೇ ಹೋಗಲಿಲ್ಲ. ಚಾಪೆ ಹಾಸಿದಳು. ಹಿಟ್ಟು ನಾದುವ ಪರಾತದಲ್ಲಿ ರಟ್ಟಿನ ತುಂಡುಗಳನ್ನು ತಂದಿಟ್ಟಳು. “ಅವ್ವಾ, ಬಾ, ಬಂಡಿ ಹೂಡೂಣು” ಅಂದಳು.

(ಅತ್ತೆಗೆ ‘ಬಾ’ ಅನ್ನುವ ಸೊಸೆಯನ್ನು ಇಡೀ ಸವಣೂರಿನಲ್ಲಿ ಇನ್ನೊಬ್ಬಳನ್ನು ತೋರಿಸಿ ನೋಡೋಣ!)

ಅರಿವೆ ಅಂಗಡಿಯವರು ಕೊಟ್ಟ ಹಳೆಯ ಕ್ಯಾಲೆಂಡರ್. ಅದರಲ್ಲೊಂದು ಜೋಡೆತ್ತಿನ ಬಂಡಿಯ ಚಿತ್ರ. ಅದನ್ನು ಮೈದಾ ಅಂಟಿನಿಂದ ರಟ್ಟಿಗೆ ಹಚ್ಚಿ, ಒಣಗಿಸಿ, ಕತ್ತರಿಯಿಂದ ತುಂಡು ತುಂಡು ಮಾಡಿದ್ದಾಳೆ. ಬಾಲವಾಡಿಯಲ್ಲಿ ಮಕ್ಕಳಿಗೆ ಇಂಥದ್ದನ್ನೇ ಮಾಡಿ ಕೊಡುತ್ತಿದ್ದಳಂತೆ. ಅವ್ವ ಕುಂತಳು ನೋಡಿ, ಅವಳ ಕೈಗೆ ಹರೆಯ ಬಂತು. ಗಾಲಿ ಹುಡುಕಿದಳು, ನೊಗ ಹುಡುಕಿದಳು. “ಕೀಲ ಬಡದೀಯಿಲ್ಲ ಶಾಂತಾ?” ಎಂದು ನಡುನಡುವೆ ವಿಚಾರಿಸಿದಳು. “ಬಡದೇನಿ ಅವ್ವಾ” ಅಂದಳು ನಕಲಿ ಶಾಂತಾ. ಬಂಡಿ ಪೂರ್ತಿಯಾಗುವ ಹೊತ್ತಿಗೆ ದೀಪ ಹಚ್ಚುವ ವೇಳೆ. ಅವ್ವ ಬಾಗಿಲ ಕಡೆ ನೋಡಿ ತಾನೇ ಅಂದಳು: “ಹೊತ್ತ ಮುಳಗಿತು. ಬಂಡಿ ತಯಾರ ಐತೆಲ್ಲ, ನಾಳೆ ಮುಂಜಾನೆ ಹೋದರಾತು.” ಅಳು ಇಲ್ಲ, ರಂಪ ಇಲ್ಲ. ಉಂಡು ಮಲಗಿದಳು.

ಅರಳು ಮರಳಾದವರಿಗೆ ನಾವೆಲ್ಲ ಏನು ಕೊಡುತ್ತೇವೆ? ಒಂದು ಮೂಲೆ, ಒಂದು ಕಂಬಳಿ, ಮೇಲಿಂದ ‘ಸುಮ್ಮನ ಕುಂದರ’ ಎಂಬ ಉಪದೇಶ. ಇವಳು ಕೈಗೆ ಕೆಲಸ ಕೊಟ್ಟಳು. ಬೇರೆ ಯಾರೇ ಆಗಿದ್ದರೂ ಗಿರಿಜಾಳಿಗೆ ಲಟಿಗೆ ಮುರಿದು ದೃಷ್ಟಿ ತೆಗೆಯುತ್ತಿದ್ದರು. ನಾನು? ನನ್ನ ಹೊಟ್ಟೆಯೊಳಗೆ ಯಾರೋ ಹಸಿಮೆಣಸಿನಕಾಯಿ ಅರೆಯುತ್ತಿದ್ದರು.

ಅಡುಗೆಮನೆಗೆ ಹೋಗಿ ಕುಟುಕಿದೆ: “ಚಲೋ ಆತು ಬಿಡ. ತವರು ನಿನಗ ಬಂತು, ಹೆಸರೂ ನಿನಗ ಬಂತು.”

ಗಿರಿಜಾ ಒಲೆಯ ಮುಂದಿನಿಂದ ತಲೆ ಎತ್ತಲಿಲ್ಲ. “ನಾ ಏನ ಮಾಡ್ಲಿ ಅಕ್ಕಾರ? ಮೊದಮೊದಲ ‘ನಾ ಗಿರಿಜಾರಿ ಅತ್ತಿ’ ಅಂತಿದ್ದೆ. ಹಂಗಂದರ ಅಳತಿದ್ರು. ‘ಹಂಗಾರ ನಮ್ಮ ಶಾಂತಾ ಎಲ್ಲಿ, ಯಾಕ ಬರವಲ್ಲಳು’ ಅಂತ ಬಾಗಲಕ್ಕ ಹೋಗಿ ನಿಂದರತಿದ್ರು. ಅದಕ್ಕ ಒಂದ ದಿನಾ ಓ ಅಂದೆ.”

ಇಂಥವಳ ಜೊತೆ ಜಗಳವನ್ನಾದರೂ ಹೇಗೆ ಆಡುತ್ತೀರಿ? ಜಗಳ ಆಗದ್ದಕ್ಕೆ ಸಿಟ್ಟು ಇನ್ನಷ್ಟು ಏರಿತು.

ಹುಬ್ಬಳ್ಳಿಗೆ ಮರಳಿದರೂ ಆ ‘ಬರ್ರಿ’ ಬೆನ್ನು ಬಿಡಲಿಲ್ಲ. ನಾವು ಮಕ್ಕಳಿಗೆ ಎಷ್ಟು ಕಷ್ಟಪಟ್ಟು ‘ರಿ’ ಹಚ್ಚಲು ಕಲಿಸುತ್ತೇವೆ! ಮಾಮಲೇದಾರರಿಗೆ ರಿ, ಮಾಸ್ತರರಿಗೆ ರಿ, ಟಿಕೆಟ್ ಕೇಳುವವನಿಗೂ ರಿ. ಇನ್ನು ದೇವರಿಗೆ? ‘ಕಾಪಾಡಪ್ಪಾ.’ ಅವ್ವನಿಗೆ? ‘ಬಾರವ್ವಾ.’ ಹತ್ತಿರದವರಿಗೆ ನಾವು ಮರ್ಯಾದೆ ಕೊಡುವುದಿಲ್ಲ, ಸಲಿಗೆ ಕೊಡುತ್ತೇವೆ. ಅವ್ವ ನನಗೆ ಮರ್ಯಾದೆ ಕೊಟ್ಟು ಹೊರಗೆ ಕೂರಿಸಿದ್ದಳು. ಆ ಗಿರಿಜಾ ಒಳಗೆ ಏಕವಚನದಲ್ಲಿ ಮೆರೆಯುತ್ತಿದ್ದಳು.

ಸೋತು ಕೂರುವ ಪೈಕಿ ನಾನಲ್ಲ. ಹುಬ್ಬಳ್ಳಿಯ ಸ್ಟೇಷನರಿ ಅಂಗಡಿಗಳನ್ನೆಲ್ಲ ಅಲೆದು ಒಂದು ಅಸಲಿ ಜಿಗ್‌ಸಾ ಪಜಲ್ ಸಂಪಾದಿಸಿದೆ. ಫಾರಿನ್ ಮಾಲು! ಬಣ್ಣದ ಬಾಕ್ಸು, ನುಣುಪಾದ ತುಂಡುಗಳು, ಮುಚ್ಚಳದ ಮೇಲೆ ಹಿಮ ಬಿದ್ದ ಬೆಟ್ಟ, ಬೆಟ್ಟದಡಿ ಒಂದು ಪುಟ್ಟ ಮನೆ. ಮೈದಾ ಅಂಟು ಇದರ ಮುಂದೆ ಯಾವ ಲೆಕ್ಕ? ಮುಂದಿನ ಶನಿವಾರ ಮತ್ತೆ ರೈಲು, ಮತ್ತೆ ಯಲವಿಗಿ, ಮತ್ತೆ ಟಾಂಗಾ.

“ಬರ್ರಿ, ಕುಂದರ್ರಿ” ಅಂದಳು ಅವ್ವ. (ಇರಲಿ, ಇನ್ನು ಸ್ವಲ್ಪ ಹೊತ್ತು ಅಷ್ಟೆ ಎಂದುಕೊಂಡೆ.) ಚಾಪೆಯ ಮೇಲೆ ಬಾಕ್ಸು ಇಟ್ಟೆ. ಅವ್ವ ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿದಳು. ಅವಳ ಮುಖ ಅರಳಿತು.

“ಅಯ್ಯ, ಹತ್ತಿ ಎಷ್ಟ ಬಂದೈತಿ! ನಿಮ್ಮ ಹೊಲಾ ಏನ್ರಿ?”

“ಹತ್ತಿ ಅಲ್ಲವ್ವಾ, ಅದು ಹಿಮ. ಭಾಳ ಥಂಡಿ ಇರೂ ದೇಶದಾಗ ಬೀಳತೈತಿ.”

“ಬಿಡಸಾಕ ಆಳ ಸಿಗಲಿಲ್ಲೇನ್ರಿ? ಹಿಂಗ ಬಿಟ್ಟರ ಗಾಳಿಗೆ ಹಾರಿ ಹೊಕ್ಕೈತಿ, ಲಗೂನ ಬಿಡಸ್ರಿ.” ನನ್ನ ನಷ್ಟಕ್ಕೆ ಮನಸಾರೆ ಮರುಗಿದಳು. ಆಮೇಲೆ ಮುಚ್ಚಳವನ್ನು ಮರ್ಯಾದೆಯಿಂದ ನನ್ನ ಕೈಗೇ ಹಿಂದಿರುಗಿಸಿದಳು. “ಶಾಂತಾ, ಇವರಿಗೆ ಚಾ ಮಾಡ. ನಮ್ಮ ಬಂಡಿ ತಾ.”

ಗಿರಿಜಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಪರಾತ ತಂದಿಟ್ಟು ಒಳಗೆ ಹೋದಳು. ನಗುತ್ತಿದ್ದಳು, ನನಗೇನು ಕಣ್ಣಿಲ್ಲವೇ?

ಪರಾತದ ಮುಂದೆ ಈಗ ಅವ್ವ ಮತ್ತು ನಾನು, ಇಬ್ಬರೇ. ಅವ್ವ ಗಾಲಿ ಕೂಡಿಸಿದಳು, ನೊಗ ಇಟ್ಟಳು. ನನ್ನ ಕಣ್ಣು ತುಂಬಿ ಚಿತ್ರವೇ ಕಾಣುತ್ತಿರಲಿಲ್ಲ. ಸುಮ್ಮನೆ ಕೂರಲಾಗದೆ ಕೈಗೆ ಸಿಕ್ಕ ಕೆಂಪು ಎತ್ತಿನ ತುಂಡನ್ನು ತೆಗೆದು ನೊಗದ ಬಲಗಡೆ ಇಟ್ಟೆ.

ಮುಂಗೈ ಮೇಲೆ ಪಟ್ಟನೆ ಏಟು ಬಿತ್ತು.

“ಏ ಖೋಡಿ! ಎಡಕ್ಕ ಹೂಡೂ ಎತ್ತ ಬಲಕ್ಕ ಹೂಡತಾರೇನ? ಕಣ್ಣ ಎಲ್ಲಿ ಇಟ್ಟೀ? ಎಷ್ಟ ಸಲಾ ಹೇಳಬೇಕ ನಿನಗ?”

ನಿನಗ! ನಿಮಗ ಅಲ್ಲ, ನಿನಗ. ಏಟು ಚುರುಗುಟ್ಟುತ್ತಿತ್ತು, ನಾನು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವ್ವ ಗೊಣಗುತ್ತಲೇ ಕೆಂಪು ಎತ್ತನ್ನು ಎಡಕ್ಕೆ ಸರಿಸಿದಳು. ನನ್ನ ದನಿ ಕೇಳಿದರೆ ಅವ್ವನ ಬಾಯಲ್ಲಿ ಎಲ್ಲಿ ಮತ್ತೆ ‘ರಿ’ ಬಂದುಬಿಡುತ್ತದೋ ಎಂದು ನಾನು ಉಸಿರು ಬಿಗಿಹಿಡಿದು ಕೂತಿದ್ದೆ.

ಅಡುಗೆಮನೆಯ ಬಾಗಿಲಲ್ಲಿ ಗಿರಿಜಾ ಚಹಾದ ಕಪ್ಪು-ಬಸಿ ಹಿಡಿದು ನಿಂತಿದ್ದಳು. ಈಗ ಅವಳ ಮುಖದಲ್ಲಿ ನಗು ಇರಲಿಲ್ಲ.

“ನನಗ ಒಂದ ದಿನಾನೂ ಹಂಗ ಅಂದಿಲ್ಲ ನೋಡ್ರಿ ಅಕ್ಕಾರ” ಅಂದಳು ಮೆಲ್ಲಗೆ.

ಆ ದನಿ ನನಗೆ ಚೆನ್ನಾಗಿ ಗೊತ್ತು. ವಾರವಿಡೀ ನನ್ನ ಗಂಟಲಲ್ಲಿ ಇದ್ದದ್ದು ಅದೇ. ದಿನವೂ ಉಣ್ಣಿಸಿ, ತಲೆ ಬಾಚಿ, ಬಂಡಿ ಹೂಡಿಸಿದವಳಿಗೆ ಸಿಗದದ್ದು ಎತ್ತು ತಪ್ಪಿ ಇಟ್ಟವಳಿಗೆ ಸಿಕ್ಕಿತ್ತು. ಅಯ್ಯೋ ಪಾಪ ಅನ್ನಿಸಬೇಕಿತ್ತಲ್ಲವೇ? ಅನ್ನಿಸಲಿಲ್ಲ. ಹೆಸರು ಬೇಕಾದರೆ ಅವಳೇ ಇಟ್ಟುಕೊಳ್ಳಲಿ, ಬೈಗುಳ ಮಾತ್ರ ನನ್ನದು ಎಂದುಕೊಂಡು ಬೀಗಿದೆ.

ಆ ಸಂಭ್ರಮಕ್ಕೆ ಆಯುಷ್ಯ ಎಷ್ಟು? ಅವ್ವ ಗಿರಿಜಾಳ ಕೈಯಿಂದ ಕಪ್ಪು ತೆಗೆದುಕೊಂಡು ನನ್ನತ್ತ ಚಾಚಿದಳು. “ತಗೋರಿ, ಚಾ ಕುಡೀರಿ. ಆರಿ ಹೋಗತೈತಿ.”

ಕುಡಿದೆ. ಇನ್ನೇನು ಮಾಡಲಿ?

ಮರುದಿನ ಗಿರಿಜಾ ರೊಟ್ಟಿ ಬಡಿಯುತ್ತಿದ್ದಾಗ ನಾನೇ ಚಾಪೆ ಹಾಸಿ ಪರಾತ ತಂದಿಟ್ಟೆ. ಅವ್ವ ಎದುರಿಗೆ ಬಂದು ಕೂತಳು. ಕೆಂಪು ಎತ್ತು ಯಾವ ಕಡೆಯದು ಎಂದು ಈಗ ನನಗೆ ಪಕ್ಕಾ ಗೊತ್ತು. ತುಂಡನ್ನು ಕೈಗೆತ್ತಿಕೊಂಡೆ. ಅವ್ವ ನನ್ನ ಕೈಯನ್ನೇ ನೋಡುತ್ತಿದ್ದಳು.

ನೀವೇ ಹೇಳಿ, ನನ್ನ ಜಾಗದಲ್ಲಿ ನೀವಿದ್ದರೆ ಆ ಎತ್ತನ್ನು ಸರಿಯಾದ ಕಡೆ ಹೂಡುತ್ತಿದ್ದಿರಾ?