ಅರ್ಧಕ್ಕೆ ನಿಂತ ಕೈ

ಗುಡೇಕೋಟೆಯ ಗಂಗಮ್ಮನಿಗೂ ಅರಸೀಕೆರೆಗೆ ಕೊಟ್ಟಿದ್ದ ಅವಳ ತಂಗಿ ಹೊನ್ನಮ್ಮನಿಗೂ ನಡುವೆ ಮಾತು ನಿಂತದ್ದು ನನ್ನಿಂದ. ಮೋಡದಿಂದಲ್ಲ, ಯಂತ್ರದಿಂದಲ್ಲ — ನನ್ನಿಂದ.

ಇಬ್ಬರೂ ಹುಟ್ಟಿನಿಂದ ಕಿವಿ ಕೇಳದವರು, ಮಾತು ಬಾರದವರು. ತಾಯಿಯಿಲ್ಲದ ಹೊನ್ನಮ್ಮನನ್ನು ಅಕ್ಕನೇ ಬೆಳೆಸಿದ್ದಳು. ಎರಡು ಸಾವಿರದ ಇಸವಿ ಕಳೆದ ಹೊಸತು. ನಾನು ಕೆಲಸಕ್ಕಿದ್ದ ಸಂಸ್ಥೆ ಕೆಲವು ಊರುಗಳಲ್ಲಿ ಕಂಪ್ಯೂಟರ್ ಕೇಂದ್ರ ತೆರೆದು, ಮಾಳಿಗೆಯ ಮೇಲೆ ಉಪಗ್ರಹದ ಡಿಶ್ ಕೂರಿಸಿತ್ತು. ಕೊಟ್ಟೂರಿನ ಕೇಂದ್ರ ನನ್ನದು. ಉಪಗ್ರಹದಿಂದ ಎಲ್ಲ ಊರುಗಳಿಗೂ ಸೇರಿ ಸಿಗುತ್ತಿದ್ದುದು ಒಂದೇ ಸಣ್ಣ ಸಂಪರ್ಕ. ಒಬ್ಬರು ಹೆಚ್ಚು ಎಳೆದುಕೊಂಡರೆ ಇನ್ನೊಬ್ಬರಿಗೆ ಕಡಿಮೆ. ಯಾವ ಊರಿಗೆ ಎಷ್ಟು ಪಾಲು ಎಂದು ನಿಗದಿ ಮಾಡುವುದನ್ನು ನನಗೆ ವಹಿಸಿದ್ದರು — ಇವಳು ಭೇದ ಮಾಡುವವಳಲ್ಲ ಎಂದು ನಂಬಿ.

ಶನಿವಾರ ಮಧ್ಯಾಹ್ನ ಅಕ್ಕ ಗುಡೇಕೋಟೆಯ ಕೇಂದ್ರದಲ್ಲಿ, ತಂಗಿ ಅರಸೀಕೆರೆಯ ಕೇಂದ್ರದಲ್ಲಿ ಕ್ಯಾಮೆರಾದ ಮುಂದೆ ಕೂತು ಕೈಯಲ್ಲಿ ಮಾತಾಡುತ್ತಿದ್ದರು. ಒಮ್ಮೆ ನಾನೇ ನೋಡಿದ್ದೆ. ತಂಗಿಯ ಜಡೆ ಸಡಿಲವಾಗಿದೆಯೆಂದು ಗಂಗಮ್ಮ ಪರದೆಯ ಮೇಲೆ ಬೆರಳಾಡಿಸಿ ಗದರಿದಳು. ಆಚೆ ಹೊನ್ನಮ್ಮ ನಗುತ್ತ ಜಡೆ ಬಿಚ್ಚಿ ಮತ್ತೆ ಹೆಣೆದುಕೊಂಡಳು. ನಮ್ಮಂಥವರಿಗೆ ಚಿತ್ರ ನಿಂತರೂ ದನಿಯಿರುತ್ತದೆ. ಅವರಿಗೆ ಚಿತ್ರವೇ ದನಿ. ಅದು ನನಗೆ ಗೊತ್ತಿತ್ತು.

ಆ ವರ್ಷ ನನ್ನ ಮದುವೆ ನಿಶ್ಚಯವಾಯಿತು. ಮದುವೆಯಾಗಲಿದ್ದವರು ಪುಣೆಯಲ್ಲಿದ್ದರು; ಅವರಿಗೂ ಬಿಡುವು ಶನಿವಾರವೇ. ಪರದೆಯಲ್ಲಿ ಅವರ ಮುಖ ಮಸುಕಾಗಿ ಕಾಣುತ್ತಿತ್ತು. ಒಂದು ಶನಿವಾರ — ಸ್ವಲ್ಪ ಹೊತ್ತು ತಾನೇ ಎಂದುಕೊಂಡು — ಗುಡೇಕೋಟೆಯ ಪಾಲು ಇಳಿಸಿ ಕೊಟ್ಟೂರಿಗೆ ಏರಿಸಿದೆ. ಮುಖ ತಿಳಿಯಾಯಿತು. ಗಲ್ಲದ ಮೇಲಿನ ಮಚ್ಚೆಯೂ ಕಂಡಿತು. ಎಷ್ಟು ಹಿಗ್ಗಿದ್ದೆ ನಾನು...

ಆಗ ಗುಡೇಕೋಟೆಯ ಕೇಂದ್ರ ನೋಡಿಕೊಳ್ಳುತ್ತಿದ್ದ ರೇಣುಕಾಳ ಫೋನ್ ಬಂತು.

"ಅಕ್ಕಾರ, ಚಿತ್ರ ನಿಂತುಬಿಟ್ಟೈತ್ರಿ. ಗಂಗಮ್ಮ ಅಳಾಕತ್ಯಾಳ. ಏನರ ಮಾಡ್ರಿ."

"ಮೋಡ ಐತಿ ರೇಣುಕಾ, ಡಿಶ್ ಹಿಡೀವಲ್ದು. ನಾನೇನು ಮಾಡ್ಲಿ?"

ಹಾಗೆಂದು ಫೋನ್ ಇಟ್ಟು ಪುಣೆಯ ಕಡೆ ತಿರುಗಿದೆ.

ಹೊನ್ನಮ್ಮ ಆಗ ತುಂಬಿದ ಬಸುರಿ. ಅಂಗೈ ಮುಂದೆ ಚಾಚಿದ ಗಳಿಗೆಯಲ್ಲೇ ಅವಳ ಚಿತ್ರ ನಿಂತಿತ್ತು. ತಂಗಿ 'ಬರಬೇಡ' ಎಂದಳೆಂದು ಗಂಗಮ್ಮ ತಿಳಿದಳು. ಅದನ್ನು ನನಗೆ ರೇಣುಕಾ ಹೇಳಿದಳು. ಕೆಲವು ದಿನ ಕಳೆದು ಕೇಂದ್ರದ ಕೆಲಸಕ್ಕೆ ನಾನು ಅರಸೀಕೆರೆಗೆ ಹೋದಾಗ ಹೊನ್ನಮ್ಮನ ಅತ್ತೆ ಕೇಳಿದರು: "ಬಾಣಂತನಕ್ಕ ಬಾ ಅಂತ ಅಕ್ಕನ್ನ ಕರದಾಳ್ರಿ. ಆಕಿ ಯಾಕ ಬರಲಿಲ್ಲ? ಇದು ಬಾಗಲ ಕಡೆನ ನೋಡ್ಕೊಂತ ಹಡೀತು."

ಬಾ ಎಂದು ಕರೆಯಲು ಚಾಚಿದ ಅಂಗೈ, ಬೆರಳು ಮಡಚುವ ಮೊದಲೇ ನಿಂತು, ಬೇಡ ಎಂದಂತೆ ಕಂಡಿತ್ತು. ಎರಡು ಕಡೆಯದೂ ತಿಳಿದಿದ್ದವಳು ನಾನೊಬ್ಬಳೇ. ಒಂದು ಮಾತು ಸಾಕಿತ್ತು. ಹೇಳಿದರೆ, ಚಿತ್ರ ನಿಂತದ್ದು ಹೇಗೆ ಎಂದು ಕೇಳುತ್ತಾರೆ — ಆ ಅಂಜಿಕೆ. ಸುಮ್ಮನಾದೆ. ನೊಂದ ಗಂಗಮ್ಮ ಮತ್ತೆ ಕೇಂದ್ರಕ್ಕೆ ಬರಲಿಲ್ಲ. ಮುಂದೆ ಕೇಂದ್ರಗಳೂ ಮುಚ್ಚಿದವು. ನೆಂಟರ ಮದುವೆಗಳಲ್ಲಿ ಎದುರಾದರೂ ಅಕ್ಕತಂಗಿ ದೂರ ದೂರ ಕೂರುತ್ತಿದ್ದರಂತೆ.

ಮೊನ್ನೆ ಗುಡೇಕೋಟೆಗೆ ಹೋದೆ. ಗಂಗಮ್ಮನ ತಲೆ ನೆರೆತಿದೆ. ಅಂದು ನಾನು ಮಾಡಿದ್ದನ್ನೂ ಆಮೇಲೆ ಮುಚ್ಚಿಟ್ಟದ್ದನ್ನೂ ಹೇಳಿದೆ; ಅವಳ ಮಗಳು ಎಲ್ಲವನ್ನೂ ಕೈಸನ್ನೆಯಲ್ಲಿ ತಾಯಿಗೆ ಹೇಳಿದಳು. ಗಂಗಮ್ಮ ನನ್ನ ಕಡೆ ತಿರುಗಿದಳು. ಬೆರಳಾಡಿಸಿ ಏನೋ ಕೇಳಿದಳು.

"ಅವತ್ತು ಮಾತಾಡಿದ್ರಲ್ಲ, ಅವರು ನಿಮ್ಮನ್ನ ಚಲೋ ನೋಡ್ಕೊಂತಾರೇನು ಅಂತ ಕೇಳ್ತಾಳ್ರಿ," ಎಂದಳು ಮಗಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೌದು ಎಂದು ತಲೆಯಾಡಿಸುವಷ್ಟರಲ್ಲಿ ಕುತ್ತಿಗೆ ಬಗ್ಗಿಹೋಯಿತು.

ಗಂಗಮ್ಮ ಮತ್ತೆ, ನಿಧಾನವಾಗಿ, ಏನೋ ಹೇಳಿದಳು.

"ಇದನ್ನ ತಂಗಿಗೂ ನೀವ ಹೇಳಬೇಕಂತ್ರಿ. ತಾನೂ ಬರ್ತಾಳಂತ."

ನಾಳೆ ಗಂಗಮ್ಮ, ಅವಳ ಮಗಳು, ನಾನು ಅರಸೀಕೆರೆಗೆ ಹೊರಟಿದ್ದೇವೆ. ಕ್ಷಮಿಸು ಎಂದು ಹೊನ್ನಮ್ಮನನ್ನು ಕೇಳುವುದಿಲ್ಲ — ಬಾಗಿಲು ನೋಡುತ್ತ ಅವಳು ಕಾದ ದಿನಗಳನ್ನು ಹಿಂದಕ್ಕೆ ಕೊಡಲು ನನ್ನಿಂದಾಗದು. ಆದದ್ದನ್ನು ಆದಂತೆ ಹೇಳಿ ಹೊರಗೆ ಕಟ್ಟೆಯ ಮೇಲೆ ಬಂದು ಕೂರುತ್ತೇನೆ. ಒಳಗೆ ಅವರಿಬ್ಬರೇ ಇರಲಿ, ಎಷ್ಟು ಹೊತ್ತಾದರೂ.