ಎಣ್ಣೆ ಹೊಡೆಯುವ ಮುನ್ನ ಒಂದು ಕೂಗು

ಮೊನ್ನೆ ಯಲಬುರ್ಗಾದಿಂದ ಕೊಪ್ಪಳಕ್ಕೆ ಬರುವಾಗ ಬಸ್ಸಿನ ಕಿಟಕಿಯಿಂದ ಆ ವಾಸನೆ ಬಂತು. ಯಾರೋ ತೊಗರಿಗೆ ಕೀಟನಾಶಕ ಸಿಂಪಡಿಸುತ್ತಿದ್ದರು. ನಮ್ಮ ಕಡೆ ಇದಕ್ಕೆ ಎಣ್ಣೆ ಹೊಡೆಯುವುದು ಎನ್ನುತ್ತೇವೆ. ಪಕ್ಕದಲ್ಲಿದ್ದ ಹೆಣ್ಣುಮಗಳು ಮೂಗಿಗೆ ಸೆರಗು ಹಿಡಿದಳು. ನನಗೆ ಮಾತ್ರ ಶಂಕ್ರವ್ವ ದೊಡ್ಡವ್ವ ನೆನಪಾದಳು. ನೋಡಿ, ಬೇರೆಯವರಿಗೆ ಮಲ್ಲಿಗೆಯಿಂದ ಹಿರಿಯರು ನೆನಪಾಗುತ್ತಾರೆ, ನನಗೆ ವಿಷದಿಂದ.

ನಮ್ಮ ಹೊಲಕ್ಕೂ ಪಕ್ಕದ ಬಸಪ್ಪನ ಹೊಲಕ್ಕೂ ನಡುವೆ ಒಂದೇ ಬದು. ಜಗಳವೂ ಅದರದೇ. ಅವರು ಒತ್ತಿದರೆಂದು ನಾವು, ನಾವು ಒತ್ತಿದೆವೆಂದು ಅವರು. ಎರಡೂ ಮನೆಗಳು ಮಾತು ಬಿಟ್ಟಿದ್ದವು. ಆದರೆ ಊರಲ್ಲಿ ಒಂದು ರೂಢಿಯಿತ್ತು. ಎಣ್ಣೆ ಹೊಡೆಯುವವರು ಮೊದಲು ಬದುವಿನ ಮೇಲೆ ನಿಂತು ಕೂಗಬೇಕು, ಆಚೆಯವರು ಬದುವಿನ ಹುಲ್ಲು ಮೇಯುವ ದನ ಹಿಡಿದುಕೊಳ್ಳಬೇಕು. ವೈರಿಯಾದರೂ ಕೂಗಲೇಬೇಕು.

ಒಂದು ವರ್ಷ ಬಸಪ್ಪ ಬದುವಿನ ಕಲ್ಲು ಕಿತ್ತ. ದೊಡ್ಡಪ್ಪನ ಪಿತ್ತ ನೆತ್ತಿಗೇರಿತು. ಎಣ್ಣೆಯ ಪಂಪು ಬೆನ್ನಿಗೇರಿಸಿ, "ಈ ಸಲ ಯಾರಿಗೂ ಹೇಳಂಗಿಲ್ಲ. ಅವನ ಎಮ್ಮಿ ಸತ್ರ ಸಾಯ್ಲಿ" ಎಂದ. ದೊಡ್ಡವ್ವ ಅಡ್ಡ ನಿಂತಳು.

"ನಾಳಿ ಅವನೂ ಹೇಳದ ಹೊಡೀತಾನ್ರಿ. ನಮ್ಮ ಎಮ್ಮಿನೂ ಅಲ್ಲೇ ಮೇಯ್ತೈತಿ."

"ಅವರ ಕೂಡ ಮಾತ ಬಿಟ್ಟೀವಿ."

"ಮಾತ ಬಿಟ್ಟೀವಿ, ತಿಳಸೋದ ಬಿಟ್ಟಿಲ್ಲ."

ಅವಳೇ ಬದುವಿಗೆ ಹೋಗಿ, ಯಾರ ಮುಖವನ್ನೂ ನೋಡದೆ, "ಎಣ್ಣಿ ಹೊಡಿಯಾಕತ್ತೀವಿ, ದನ ಹಿಡ್ಕೋರಿ" ಎಂದು ಕೂಗಿದಳು. ಬಸಪ್ಪನ ಹೆಂಡತಿ ಬಂದು ಎಮ್ಮೆಯ ಹಗ್ಗ ಎಳೆದುಕೊಂಡು ಹೋದಳು, ಅಷ್ಟೇ. ಮುಂದೆ ಅವರ ಸರದಿ ಬಂದಾಗ ಅವರೂ ಕೂಗಿದರು. ಜಗಳ ಮುಗಿಯಿತೇ ಎಂದು ಕೇಳಬೇಡಿ, ಅದಿನ್ನೂ ಕೋರ್ಟಿನಲ್ಲಿದೆ. ಎಮ್ಮೆಗಳಂತೂ ಬದುಕಿದವು.

ನಾನೀಗ ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಮೇಷ್ಟ್ರು. ಇಬ್ಬರ ಹತ್ತಿರವೂ ಅಣುಬಾಂಬ್ ಇದ್ದರೆ ಹೆದರಿಕೆಯಿಂದ ಯಾರೂ ಹಾಕುವುದಿಲ್ಲ ಎಂದು ಗತ್ತಿನಿಂದ ಹೇಳುತ್ತೇನೆ. ಮುಂದಿನ ಪುಟ ಬಂದರೆ ನನಗೇ ಆಕಳಿಕೆ. ಅದರಲ್ಲಿರುವುದು ಇಷ್ಟು: ಭಾರತ, ಪಾಕಿಸ್ತಾನ ಪ್ರತಿ ಹೊಸ ವರ್ಷದ ಮೊದಲ ದಿನ ತಮ್ಮ ಅಣುಸ್ಥಾವರಗಳ ಪಟ್ಟಿಯನ್ನು ಪರಸ್ಪರ ಕೊಡುತ್ತವೆ, ಇವುಗಳ ಮೇಲೆ ದಾಳಿ ಬೇಡವೆಂಬ ಒಪ್ಪಂದದಂತೆ. ಬ್ಯಾಲಿಸ್ಟಿಕ್ ಕ್ಷಿಪಣಿಯ ಪರೀಕ್ಷೆಗೆ ಮೊದಲೂ ಒಬ್ಬರಿಗೊಬ್ಬರು ತಿಳಿಸುತ್ತವೆ. ಈ ಸಲ ಗಡಿಯಲ್ಲಿ ಗುಂಡು ಹಾರಿದ ಮೇಲೆ ಪ್ರಾಂಶುಪಾಲರು, "ಹುಡುಗರು ಬಿಸಿ ಅದಾರ, ಆ ಪಾಠ ಸದ್ಯಕ್ಕ ಬಿಡ್ರಿ ಸರ" ಎಂದಿದ್ದರು. ಹೂಂ ಎಂದಿದ್ದೆ. ಬಸ್ಸು ಕೊಪ್ಪಳ ಮುಟ್ಟುವಷ್ಟರಲ್ಲಿ ಆ ಹೂಂ ಹಿಂದಕ್ಕೆ ತೆಗೆದುಕೊಂಡೆ.

ತರಗತಿಗೆ ಹೋಗಿ ಅದೇ ಪಾಠ ತೆಗೆದೆ. ಹುಡುಗನೊಬ್ಬ ಎದ್ದು, "ವೈರಿಗೆ ನಮ್ಮ ಮನಿ ದಾರಿ ತೋರಿಸಿದಂಗ ಆತಲ್ರಿ ಸರ. ಒಂದ ಬಾಂಬ್ ಒಗದ್ರ ಮುಗೀತು" ಎಂದ. ತರಗತಿ ನಕ್ಕಿತು. ಕುಷ್ಟಗಿ ಕಡೆಯ ರೇಣುಕಾ ನಗಲಿಲ್ಲ. ಅವಳ ಅಣ್ಣ ಗಡಿಯಲ್ಲಿ ಸೈನಿಕ. ನಾನು ಬದುವಿನ ಕಥೆ ಹೇಳಿದೆ. ನಗು ನಿಂತಿತು ಎಂದರೆ ಸುಳ್ಳಾಗುತ್ತದೆ, ಕಡಿಮೆಯಾಯಿತು.

"ಇಷ್ಟೆಲ್ಲಾ ಆದಮ್ಯಾಲೂ ತಿಳಸ್ತಾರೇನ್ರಿ ಸರ?" ರೇಣುಕಾ ಕೇಳಿದಳು.

"ಇಲ್ಲೀತನಕ ಬಿಟ್ಟಿಲ್ಲವ್ವ. ಇಷ್ಟ ಸಾಲದು, ಖರೆ. ಆದ್ರ ಇದನ್ನೂ ಬಿಡಬ್ಯಾಡ್ರಿ ಅನ್ನೋರು ಇರಬೇಕು."

"ಹಂಗಾರ ಇವತ್ತ ನಮ್ಮವ್ವಗ ಫೋನ್ ಮಾಡಿ ಹೇಳ್ತೀನ್ರಿ. ಟಿವಿ ಮುಂದಿಂದ ಎದ್ದಿಲ್ಲ ಆಕಿ, ಊಟಾನೂ ಬಿಟ್ಟಾಳ."

ಅಷ್ಟರಲ್ಲಿ ಪ್ರಾಂಶುಪಾಲರು ಬಾಗಿಲಲ್ಲಿ ಬಂದು ನಿಂತರು. "ಬರ್ರಿ ಸರ, ಕೂಡ್ರಿ" ಎಂದು ಅವರಿಗೂ ಬೆಂಚಿನಲ್ಲಿ ಜಾಗ ತೋರಿಸಿ, ಮುಂದಿನ ಸಾಲು ಗಟ್ಟಿಯಾಗಿ ಓದಿದೆ.