ನಮ್ಮಿಬ್ಬರ ನಡುವಿನ ಸಕ್ಕರೆ ಕಾಯಿಲೆ

ನಂಜನಗೂಡಿನ ಹತ್ತಿರದ ಒಂದು ಕಾರ್ಖಾನೆಯಲ್ಲಿ ನಾನು ಸೂಪರ್‌ವೈಸರ್. ಸಕ್ಕರೆ ಕಾಯಿಲೆ ಬಂದಾಗ ನನಗಿನ್ನೂ ನಲವತ್ತು ತುಂಬಿರಲಿಲ್ಲ. ನೋವು ಅಂತ ಏನೂ ಇಲ್ಲದ ಕಾಯಿಲೆಯಾದ್ದರಿಂದ ಮಾತ್ರೆ ನುಂಗಿದರೆ ನುಂಗಿದೆ, ಮರೆತರೆ ಮರೆತೆ.

ಕೆಲವು ವರ್ಷಗಳ ಮೇಲೆ ಹಾಸಿಗೆಯಲ್ಲಿ ನನ್ನ ಮೈ ಸೋಲತೊಡಗಿತು. ಮೊದಮೊದಲು ಆಯಾಸ ಅಂದುಕೊಂಡೆ. ಆಸೆಯಿದ್ದೂ ಆಗದೆ ಹೋದಾಗ ಹೆಂಡತಿಯ ಪಕ್ಕ ಮಲಗುವುದಕ್ಕೇ ಅಳುಕಾಯಿತು. ಟಿ.ವಿ. ನೋಡುವ ನೆಪದಲ್ಲಿ ನಡುಮನೆಯಲ್ಲೇ ಮಲಗತೊಡಗಿದೆ. ಅವಳೂ ಕೇಳಲಿಲ್ಲ. ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ಗಡ್ಡೆಯಾಗಿದೆಯೆಂದು ಅವಳ ಗರ್ಭಕೋಶ ತೆಗೆದಿದ್ದರು. ನರಸೀಪುರದ ತವರಿಗೆ ಹೋಗಿ ನಾಲ್ಕು ದಿನ ಇದ್ದು ಬರುತ್ತೇನೆಂದು ಹೊರಟವಳು ಒಂದೊಂದು ನೆಪ ಹೇಳುತ್ತ ಅಲ್ಲೇ ಉಳಿದಳು. ಕರೆಯಬೇಕು ಅನ್ನಿಸುತ್ತಿತ್ತು. ಕರೆದು ಏನು ಹೇಳಲಿ ಅನ್ನುವುದೂ ಜೊತೆಗೇ ಬರುತ್ತಿತ್ತು.

ಆಗಲೇ ಪಾದಕ್ಕೆ ಮೊಳೆ ಚುಚ್ಚಿದ್ದು. ಚುಚ್ಚಿದ್ದು ನನಗೆ ಗೊತ್ತೇ ಆಗಲಿಲ್ಲ. ಕಾಲುಚೀಲ ರಕ್ತವಾದಾಗ ನೋಡಿದೆ. ಡಾಕ್ಟರು ಗಾಯ ತೊಳೆದು, ಬೆರಳುಗಳನ್ನು ಒತ್ತಿ ನೋಡಿ, ಹೆಂಡತಿಯ ಜೊತೆ ಕೂಡುವುದರಲ್ಲಿ ತೊಂದರೆ ಇದೆಯೇ ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ಅವರು ಬೇಸರಿಸದೆ ಬಿಡಿಸಿ ಹೇಳಿದರು. ರಕ್ತದಲ್ಲಿ ಸಕ್ಕರೆ ಬಹಳ ಕಾಲ ಹೆಚ್ಚಿದ್ದರೆ ರಕ್ತನಾಳದ ಒಳಪದರದ ಜೀವಕೋಶಗಳು ಹಾಳಾಗುತ್ತವೆ. ನಾಳ ಸಡಿಲವಾಗಿ ರಕ್ತ ತುಂಬಿಕೊಳ್ಳಬೇಕಾದ ಹೊತ್ತಿನಲ್ಲಿ ಅದು ಸಡಿಲವಾಗುವುದಿಲ್ಲ. ಮಿದುಳಿಗೂ ಮೈಗೂ ಸುದ್ದಿ ಒಯ್ಯುವ ನರಗಳೂ ಸೊರಗುತ್ತವೆ. ಮೊಳೆ ಚುಚ್ಚಿದ್ದು ತಿಳಿಯದೆ ಹೋದದ್ದೂ ಅದಕ್ಕೇ. ಗುಪ್ತಾಂಗದ ನಾಳಗಳು ಹೃದಯದ ನಾಳಗಳಿಗಿಂತ ಸಣ್ಣವಾದ್ದರಿಂದ ತೊಂದರೆ ಅಲ್ಲಿ ಮೊದಲು ಕಾಣುತ್ತದೆ, ಹೃದಯವನ್ನೂ ಪರೀಕ್ಷೆ ಮಾಡಿಸಿ ಎಂದರು. ಕೊನೆಗೆ, “ಇದನ್ನ ಮನೆಯವರಿಗೆ ಹೇಳಿದೀರಾ?” ಎಂದು ಕೇಳಿದರು.

ಗಾಯ ಸ್ವಲ್ಪ ಒಣಗಿದ ಮೇಲೆ ನರಸೀಪುರದ ಬಸ್ಸು ಹತ್ತಿದೆ. ಅವಳು ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಅತ್ತೆ ಕಾಫಿ ಕೊಟ್ಟು ಒಳಗೆ ಹೋದರು. ಡಾಕ್ಟರು ಹೇಳಿದ್ದನ್ನೆಲ್ಲ ನೆಲ ನೋಡಿಕೊಂಡು ಒಪ್ಪಿಸಿದೆ. ಅವಳು ಕೈಯಲ್ಲಿದ್ದ ಕಾಯಿ ಸುಲಿದು ಸಿಪ್ಪೆಯನ್ನು ಪಕ್ಕಕ್ಕೆ ಹಾಕಿದಳು.

“ಗರ್ಬಕೋಸ ತಗ್ಸಿದ್ ಮ್ಯಾಕೆ ನಾನು ನಿಮ್ಗೆ ಎಂಗ್ಸಾಗಿ ಕಾಣ್ತಿಲ್ವೇನೋ ಅನ್ಕಂಡಿದ್ದೆ,” ಎಂದಳು. “ಅದ್ಕೇ ಬಂದ್ಬುಟ್ಟೆ.”

ನನ್ನ ಅವಮಾನ ನನ್ನೊಬ್ಬನದೇ ಎಂದು ತಿಳಿದು ಅದನ್ನು ಅಡಗಿಸಿಟ್ಟುಕೊಂಡಿದ್ದೆ. ಅಷ್ಟು ದಿನವೂ ಅವಳು ತನ್ನ ಮೈಯನ್ನೇ ಬೈದುಕೊಂಡಿದ್ದಳು.

ಮಾರನೆಯ ದಿನ ನನ್ನ ಜೊತೆ ಹೊರಟು ಬಂದಳು. ಮಾತ್ರೆ ತಪ್ಪದೆ ನುಂಗಿದ್ದರಿಂದ ಸಕ್ಕರೆ ಹತೋಟಿಗೆ ಬಂತು. ಹೃದಯದ ಪರೀಕ್ಷೆಯಾದ ಮೇಲೆ ಡಾಕ್ಟರು ಕೂಡುವುದಕ್ಕೆ ನೆರವಾಗಲೆಂದು ಬರೆದುಕೊಟ್ಟ ಮಾತ್ರೆ ಒಮ್ಮೊಮ್ಮೆ ಕೆಲಸ ಮಾಡಿತು, ಹೆಚ್ಚಿನ ಸಲ ಮಾಡಲಿಲ್ಲ. ಸೊರಗಿದ ನರ ಪೂರ್ತಿ ಚಿಗುರುತ್ತದೆಂದು ಹೇಳಲಾರೆ, ಬೇರೆ ಚಿಕಿತ್ಸೆಗಳಿವೆ, ಬೇಕಾದರೆ ಮೈಸೂರಿಗೆ ಕಳಿಸುತ್ತೇನೆ ಎಂದರು ಡಾಕ್ಟರು.

ಹೋಗೋಣವೇ ಎಂದು ಅವಳನ್ನು ಕೇಳಿದೆ.

“ಸಾಕು ಬುಡಿ. ಜತೇಲಿದ್ದೀವಲ್ಲ,” ಎಂದಳು.

ಅವಳ ಮಾತಿನಿಂದ ನನ್ನ ಮೇಲಿನ ಹೊರೆಯೊಂದು ಇಳಿಯಿತು ನಿಜ. ಆದರೆ ಹಾಗೆ ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ಅವಳಿಗೆ ನಿಜವಾಗಿಯೂ ಸಾಕಾಗಿತ್ತೋ, ನನಗೋಸ್ಕರ ಹಾಗೆಂದಳೋ, ಕೇಳುವ ಧೈರ್ಯ ನನಗೆ ಈವತ್ತಿಗೂ ಬಂದಿಲ್ಲ.